ಮಖಮಲ್ ಹಾಸಿನಿಂದಾದ ರಾಣಿಯ ಅಂಗಿ

ಅಳತೆಯ ಟೇಪು ಹಿಡಿದು ಬದುಕುವವಳು ನಾನು. ಸತ್ತವರು ಬಂದರು, ಸೂಚನೆ ಕೊಟ್ಟರು ಎಂದು ಯಾರಾದರೂ ಅಂಗಡಿಯಲ್ಲಿ ಕೂತು ಶುರುಮಾಡಿದರೆ, "ಹೋಗಿ ಮಾರಾಯ್ರೆ, ನಂಗೆ ಕೆಲಸ ಉಂಟು" ಎಂದು ಓಡಿಸುತ್ತಿದ್ದೆ. ಈಗ ನಾನೇ ಒಂದು ಹೇಳಲು ಕೂತಿದ್ದೇನೆ. ನೀವು ನಗುವುದಾದರೆ ನಗಿ.

ಕೆಲವು ವರ್ಷಗಳ ಹಿಂದೆ ಕಡಬದ ನನ್ನ ಹೊಲಿಗೆ ಅಂಗಡಿಗೆ ಶಾಲೆಯೊಂದರ ಟೀಚರ್ ಬಂದರು, ನಾಟಕದ ಬಟ್ಟೆ ಹೊಲಿಸಲು. ಕೈಯಲ್ಲೊಂದು ಚಿತ್ರ. ನಾನೂರು ಐನೂರು ವರ್ಷ ಹಿಂದಿನ ಯುರೋಪಿನ ರಾಣಿ, ತನ್ನ ಮಲಗುವ ಕೋಣೆಯಲ್ಲಿ. ಗೋಡೆ ತುಂಬ ಬೇಟೆಯ ದೃಶ್ಯ ನೇಯ್ದ ಬಟ್ಟೆ, ಮಂಚದ ನಾಲ್ಕೂ ಕಡೆ ಮಖಮಲ್ ಪರದೆ. ಬಟ್ಟೆಯಿಡಲು ಕಪಾಟಿಲ್ಲ, ಕೆತ್ತನೆಯ ದೊಡ್ಡ ಮರದ ಪೆಟ್ಟಿಗೆಗಳು. ರಾಣಿಯ ಲಂಗವಂತೂ ಕೋಳಿ ಮುಚ್ಚುವ ಬುಟ್ಟಿಯ ಹಾಗೆ ಉಬ್ಬಿತ್ತು. ಇದನ್ನು ಉಟ್ಟು ಕೂರುವುದು ಹೇಗಪ್ಪಾ ಎಂದುಕೊಂಡೆ.

"ಆಗ ರಾಣಿಯರ ಹಳೇ ಗೌನು ಬಿಚ್ಚಿ ಮಂಚದ ಪರದೆ ಮಾಡುದುಂಟಂತೆ" ಅಂದರು ಟೀಚರ್.

ನಮ್ಮದು ಉಲ್ಟಾ. ರಾಣಿಯ ಪಾತ್ರದ ಹುಡುಗಿ ರಿನ್ಸಿ ಮನೆಯ ಮಂಚದ ಕೆಂಪು ಮಖಮಲ್ ಹಾಸನ್ನೇ ತಂದಿದ್ದಳು. ಅವಳ ಅಮ್ಮ ಮೇರಿಯಕ್ಕ ನನ್ನ ಹಳೇ ಗಿರಾಕಿ, ತೀರಿಹೋಗಿ ವರ್ಷವಾಗಿತ್ತು. ಅವರ ಸೀರೆಗಳನ್ನೆಲ್ಲ ಅಪ್ಪ ಯಾರಿಗೋ ಕೊಟ್ಟುಬಿಟ್ಟಿದ್ದರು.

"ಹಾಳು ಮಾಡ್ಬೇಡಿ ಅಕ್ಕ. ಅಮ್ಮಂದು ಅಂತ ನನ್ನ ಹತ್ರ ಇದೊಂದೇ ಇರುದು."

"ನಾನೆಂತ ನಿನ್ನೆ ಕಲಿತವಳಾ?" ಎಂದು ಗದರಿಸಿ ಕಳಿಸಿದೆ.

ನಮ್ಮಲ್ಲಿ ಮೈಗೆ ಟೇಪು ಹಿಡಿಸಿಕೊಳ್ಳುವುದಕ್ಕಿಂತ ಅಳತೆಗೆ ಹಳೇ ರವಿಕೆ ಕೊಟ್ಟು ಹೋಗುವವರೇ ಹೆಚ್ಚು. ಕೇರಳದಿಂದ ಬಂದು ಇಲ್ಲಿ ನೆಲೆಸಿದವರಲ್ಲಿ ಒಂದೇ ಹೆಸರಿನವರು ಹತ್ತು ಮಂದಿ, ಹಾಗಾಗಿ ಚೀಟಿಯಲ್ಲಿ ಮನೆಯ ಹೆಸರು ಮಾತ್ರ ಬರೆದು ರವಿಕೆಗೆ ಚುಚ್ಚಿಡುವುದು ನನ್ನ ಅಭ್ಯಾಸ. ರಿನ್ಸಿಯೂ ಒಂದು ಕೊಟ್ಟು ಹೋಗಿದ್ದಳು. ಗೋಡೆಯ ಮೊಳೆಯಿಂದ ಅವಳ ಮನೆಯ 'ಪುತ್ತನ್‌ವೀಡು' ಎಂಬ ಚೀಟಿಯ ರವಿಕೆ ತೆಗೆದು, ಅದರಂತೆ ಮಖಮಲ್ ಕತ್ತರಿಸಿದೆ. ಕತ್ತರಿ ಕೆಳಗಿಟ್ಟ ಮೇಲೆ ನೋಡುತ್ತೇನೆ, ಅದೇ ಚೀಟಿಯ ಇನ್ನೊಂದು ರವಿಕೆ ಅಲ್ಲೇ ನೇತಾಡುತ್ತಿದೆ! ನಾನು ಹಿಡಿದದ್ದು ಮೇರಿಯಕ್ಕ ಬಿಟ್ಟುಹೋದದ್ದು. ಅವರು ಕಡ್ಡಿಯಂತಿದ್ದರು, ಮಗಳು ಅಪ್ಪನ ಹಾಗೆ ಅಗಲ. ಎದೆಸುತ್ತು ನಾಲ್ಕು ಇಂಚು ಕಮ್ಮಿ. ಉಳಿದ ಬಟ್ಟೆಯೆಲ್ಲ ಲಂಗಕ್ಕೆ ಹೋಗಿಯಾಗಿತ್ತು.

ಹೇಳುವ ಧೈರ್ಯ ಬರಲಿಲ್ಲ. ಬೆನ್ನ ಹಿಂದೆ ದಾರ ಕಟ್ಟಿ ಹೇಗಾದರೂ ಮುಚ್ಚೋಣ ಎಂದುಕೊಂಡು ಹೊಲಿದೆ. ಲಂಗದೊಳಗೆ ಬೆತ್ತದ ಬಳೆಗಳನ್ನಿಟ್ಟೆ, ಕುತ್ತಿಗೆಯ ಬಿಳಿ ನೆರಿಗೆಯನ್ನು ಅನ್ನದ ಗಂಜಿಯಲ್ಲಿ ಅದ್ದಿ ಸೆಟೆಸಿದೆ.

ಶನಿವಾರ ಮಧ್ಯಾಹ್ನ ರಿನ್ಸಿ ಬಂದಳು. ಪರದೆಯ ಹಿಂದೆ ಉಡಿಸಿ, ಉಸಿರು ಬಿಗಿಹಿಡಿದು ಹುಕ್ಕು ಹಾಕಿದೆ. ಸಲೀಸಾಗಿ ಕೂತಿತು. ಎರಡು ಬೆರಳು ತೂರಿಸುವಷ್ಟು ಜಾಗವೂ ಇತ್ತು.

ಬಿಚ್ಚಿಸಿ ಮೇಜಿನ ಮೇಲೆ ಹರಡಿ ಅಳೆದೆ, ಮೂವತ್ತು. ಅವಳ ಮೈ ಅಳೆದೆ, ಮೂವತ್ತನಾಲ್ಕು. ಹೊಲಿಗೆ ಎಲ್ಲೂ ಬಿಟ್ಟಿರಲಿಲ್ಲ, ಮಖಮಲ್ ಎಳೆದರೆ ಹಿಗ್ಗುವಂಥದ್ದೂ ಅಲ್ಲ. ಬೇರೆ ಟೇಪು ತಂದು ಅಳೆದೆ. ಅದೇ. ಮತ್ತೆ ಉಡಿಸಿದೆ, ಮತ್ತೆ ಸರಿಯಾಗಿ ಕೂತಿತು.

"ಎಂತ ಆಯ್ತು ಅಕ್ಕ? ಯಾಕೆ ಬೆವರ್ತಿದ್ದೀರಿ?"

ನನ್ನಿಂದ ತಡೆಯಲಾಗಲಿಲ್ಲ. ಎರಡೂ ರವಿಕೆ ಅವಳ ಮುಂದಿಟ್ಟು ಎಲ್ಲ ಹೇಳಿಬಿಟ್ಟೆ. ತಪ್ಪಾಯ್ತು ಎಂದೂ ಹೇಳಿದೆ. ಬಯ್ಯುತ್ತಾಳೆ, ಇಲ್ಲವೇ ಹೆದರುತ್ತಾಳೆ ಎಂದುಕೊಂಡಿದ್ದೆ. ಅವಳು ಅಮ್ಮನ ರವಿಕೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮ ನಂಗೆ ಯಾವಾಗ್ಲೂ ಸ್ವಲ್ಪ ದೊಡ್ಡದೇ ಹೊಲಿಸುದಲ್ವಾ ಅಕ್ಕ, ಬೆಳೆಯುವ ಹುಡುಗಿ ಅಂತ" ಅಂದಳು.

ನಾನು ಟೇಪು ಸುತ್ತಿ ಮೇಜಿನ ಮೇಲಿಟ್ಟೆ. ಆ ಅಂಗಿಯನ್ನು ಮತ್ತೆ ಅಳೆಯಲಿಲ್ಲ.