ದಲ್ಲಾಳಿ ಕಾಲಿಡಲಾಗದ ಕೋಣೆ

ಬೆಳಗಿನ ಐದೂಕಾಲು. ವಿಮಾನ ನಿಲ್ದಾಣದ ಮಹಿಳೆಯರ ಶೌಚಾಲಯದಲ್ಲಿ, ಎಲ್ಲರೂ ಫಿನಾಯಿಲ್ ಅಕ್ಕ ಎಂದು ಕರೆಯುವ ಸ್ವಚ್ಛತಾ ಕೆಲಸಗಾರ್ತಿ ಕನ್ನಡಿ ಒರೆಸುತ್ತಿದ್ದಾರೆ. ಕೈ ಕನ್ನಡಿಯ ಮೇಲಿದ್ದರೂ ಕಣ್ಣು ಅದರಲ್ಲಿ ಕಾಣುವ ಬಾಗಿಲಿನ ಮೇಲಿದೆ. ನಾಲ್ವರು ಹುಡುಗಿಯರು ಒಳಗೆ ಬರುತ್ತಾರೆ. ನಾಲ್ವರ ಹೆಗಲಲ್ಲೂ ಒಂದೇ ಬಣ್ಣದ ಹೊಸ ಚೀಲ. ಹೊರಗಿನಿಂದ ಗಂಡಸಿನ ದನಿ ಕೇಳುತ್ತದೆ: "ಎರಡೇ ನಿಮಿಷ. ಯಾರ ಜೊತೆನೂ ಮಾತು ಬೇಡ."

ಅಕ್ಕ ಅವಸರ ತೋರಿಸದೆ ಹೋಗಿ 'ನೆಲ ಒದ್ದೆಯಿದೆ' ಎಂಬ ಹಳದಿ ಫಲಕವನ್ನು ಬಾಗಿಲಿಗೆ ಅಡ್ಡ ಇಡುತ್ತಾರೆ. ನೆಲ ಒಣಗಿಯೇ ಇದೆ. ಆಮೇಲೆ ಮಾಪು ಹಿಡಿದು, ನಾಲ್ವರಲ್ಲಿ ಎಳೆಯವಳಂತೆ ಕಾಣುವವಳ ಕಾಲ ಬಳಿಯೇ ಒರೆಸತೊಡಗುತ್ತಾರೆ. ತಲೆ ಎತ್ತುವುದಿಲ್ಲ.

"ತಂಗಿ, ಪಾಸ್‌ಪೋರ್ಟ್ ಯಾರ ಹತ್ರ ಇದೆ?"

"ಅಣ್ಣನ ಹತ್ರ."

"ಒಡಹುಟ್ಟಿದ ಅಣ್ಣನಾ?"

"ಅಲ್ಲ. ಕೆಲ್ಸಕ್ಕೆ ಕರ್ಕೊಂಡು ಹೋಗ್ತಿರೋರು."

"ಎಷ್ಟು ವಯಸ್ಸು?"

"ಇಪ್ಪತ್ತೈದು."

"ಅದು ಪಾಸ್‌ಪೋರ್ಟಿನ ವಯಸ್ಸು. ನಿಂದು ಹೇಳು."

ಹುಡುಗಿ ನಲ್ಲಿಯನ್ನು ಜೋರಾಗಿ ತಿರುಗಿಸುತ್ತಾಳೆ. ನೀರಿನ ಸದ್ದಿನಲ್ಲಿ ಉತ್ತರ ಬರುತ್ತದೆ: "ಹದಿನೇಳು."

ಅಕ್ಕನ ಬಗ್ಗೆ ಬರೆಯಲು ಬಂದಿರುವ ನಾನು ಕೈ ತೊಳೆಯುವ ನೆಪದಲ್ಲಿ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದೇನೆ.

ಹನ್ನೆರಡು ಶೌಚದ ಕೋಣೆ, ಎಂಟು ಕೈತೊಳೆಯುವ ಬೇಸಿನ್, ಅರ್ಧ ಗಂಟೆಗೊಮ್ಮೆ ಸ್ವಚ್ಛ ಮಾಡಿ ಬಾಗಿಲ ಹಿಂದಿನ ಹಾಳೆಗೆ ಸಹಿ. ಅಕ್ಕನ ಕೆಲಸವೆಂದು ಕಾಗದದಲ್ಲಿ ಬರೆದಿರುವುದು ಇಷ್ಟೇ. ಬರೆಯದೇ ಇರುವ ಕೆಲಸವನ್ನು ಅವರು ಆರು ವರ್ಷಗಳಿಂದ ಮಾಡುತ್ತಿದ್ದಾರೆ. ಮನೆಗೆಲಸಕ್ಕೆಂದು ಹೊರದೇಶಕ್ಕೆ ಹೊರಟ ಹೆಣ್ಣುಮಕ್ಕಳನ್ನು ಮಾತನಾಡಿಸಿ, ಮೋಸದ ವಾಸನೆ ಬಂದರೆ ಸಹಾಯ ಕೇಂದ್ರದ ಮಹಿಳಾ ಅಧಿಕಾರಿಗೆ ಸುದ್ದಿ ಮುಟ್ಟಿಸುವುದು. "ಹಾಲ್‌ನಲ್ಲಿ, ಕ್ಯೂನಲ್ಲಿ, ಕ್ಯಾಂಟೀನಿನಲ್ಲಿ, ಎಲ್ಲ ಕಡೆ ದಲ್ಲಾಳಿ ಬೆನ್ನಿಗೇ ಇರ್ತಾನೆ. ಇಲ್ಲಿಗೆ ಮಾತ್ರ ಬರೋ ಹಾಗಿಲ್ಲ," ಎನ್ನುತ್ತಾರೆ.

ಅವರೂ ಹೀಗೆಯೇ ಹೋದವರು. ಆಗ ಅವರಿಗೆ ಇಪ್ಪತ್ತಾರು ವರ್ಷ, ಗಂಡ ಹಾಸಿಗೆ ಹಿಡಿದಿದ್ದ. ಆಸ್ಪತ್ರೆಯಲ್ಲಿ ಎಂಟು ಗಂಟೆ ಕೆಲಸ ಎಂದು ಹೇಳಿ ಕರೆದೊಯ್ದವನು ಮೂರು ಅಂತಸ್ತಿನ ಮನೆಯೊಂದರಲ್ಲಿ ಬಿಟ್ಟು ಹೋದ. ಪಾಸ್‌ಪೋರ್ಟ್ ಯಜಮಾನಿಯ ವಶ, ಮಲಗುವುದು ಬಟ್ಟೆ ಒಗೆಯುವ ಯಂತ್ರದ ಪಕ್ಕ, ಮನೆಯ ಹೊರಬಾಗಿಲಿಗೆ ಸದಾ ಬೀಗ. ಎರಡೂವರೆ ವರ್ಷ. "ಮನೆಯವರ ಬೂಟು ನೋಡಿನೇ ಯಾರು ಬಂದ್ರು ಅಂತ ಹೇಳ್ತಿದ್ದೆ. ಮುಖ ನೋಡಿದ್ದು ಕಡಿಮೆ."

ಆ ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಾತು ನಿಂತಿದ್ದ ಮುದುಕಿಯೊಬ್ಬರಿದ್ದರು, ಯಜಮಾನಿಯ ಅತ್ತೆ. ಅವರಿಗೆ ಸ್ನಾನ ಮಾಡಿಸಿ ಉಣಿಸುತ್ತಿದ್ದುದು ಅಕ್ಕನೇ. ಒಂದು ದಿನ ಅಕ್ಕ ಯಜಮಾನಿಯ ಕೈಯಿಂದ ಹೊಡೆತ ತಿಂದು ಬಂದು ಅವರ ತಲೆ ಬಾಚುತ್ತಿದ್ದಾಗ, ಆ ಮುದುಕಿ ನಡುಗುವ ಕೈಯಿಂದ ಹೊಲಿಗೆ ಯಂತ್ರದ ಡ್ರಾಯರ್ ತೋರಿಸಿದರು. ಪಾಸ್‌ಪೋರ್ಟ್ ಅಲ್ಲಿತ್ತು. ಮೂರನೆಯ ದಿನ, ಗ್ಯಾಸ್ ತಂದವನಿಗೆ ತೆರೆದಿದ್ದ ಗೇಟಿನಿಂದ ಅಕ್ಕ ಬರಿಗಾಲಲ್ಲೇ ಹೊರಬಿದ್ದರು. "ಆ ಅಜ್ಜಿಗೆ ಆಮೇಲೆ ಯಾರು ಊಟ ಮಾಡ್ಸಿದ್ರೋ. ಅದೊಂದು ಈಗ್ಲೂ ಚುಚ್ಚುತ್ತೆ."

ರಾಯಭಾರ ಕಚೇರಿಯ ನೆರವಿನಿಂದ ಊರಿಗೆ ಮರಳಿದ ಮೇಲೆ ಹತ್ತಾರು ಕಡೆ ಕಸ ಗುಡಿಸಿ, ಕೊನೆಗೆ ಇಲ್ಲಿ ಸೇರಿದರು. ಮೇಲ್ವಿಚಾರಕ ಮೊದಮೊದಲು ಗದರುತ್ತಿದ್ದ: "ನೆಲ ಒರೆಸಮ್ಮ, ಊರು ಉದ್ಧಾರ ಆಮೇಲೆ." ಒಮ್ಮೆ ಎಡವಟ್ಟೂ ಆಗಿತ್ತು. ಓದಲೆಂದು ಅಪ್ಪನ ಜೊತೆ ಹೊರಟಿದ್ದ ಹುಡುಗಿಯನ್ನು ತಪ್ಪು ತಿಳಿದು ತಡೆಸಿದ್ದರು. "ಅವರಪ್ಪ ಹಾರಾಡಿಬಿಟ್ರು ಕಣಮ್ಮ. ಕೈ ಮುಗಿದೆ. ಮೂರು ದಿನ ಕೆಲಸದಿಂದ ಹೊರಗಿಟ್ರು. ನಾಲ್ಕನೇ ದಿನ ಬಂದು ಮತ್ತೆ ಕೇಳೋಕೆ ಶುರು ಮಾಡ್ದೆ."

ಹೊರಗಿನವನು ಈಗ ಬಾಗಿಲು ಬಡಿಯುತ್ತಿದ್ದಾನೆ. "ಏನ್ ಮಾಡ್ತಿದೀರಾ ಒಳಗೆ?"

"ಜಾರತ್ತೆ ಅಣ್ಣಾ, ಸ್ವಲ್ಪ ತಡೀರಿ!" ಎಂದು ಕೂಗಿ ಅಕ್ಕ ಜೇಬಿನಿಂದ ಫೋನ್ ತೆಗೆಯುತ್ತಾರೆ. ಹುಡುಗಿ ಅವರ ಮಣಿಕಟ್ಟು ಹಿಡಿದುಕೊಳ್ಳುತ್ತಾಳೆ.

"ಬೇಡ ಅಕ್ಕ. ನಾನು ಹೋಗ್ಲೇಬೇಕು. ನಮ್ಮಕ್ಕನ್ನ ಇವ್ನೇ ಕರ್ಕೊಂಡು ಹೋಗಿದ್ದು. ಎಂಟು ತಿಂಗಳಾಯ್ತು. ತಿಂಗಳಿಗೊಂದು ಸಲ ಫೋನ್ ಮಾಡ್ತಾಳೆ, ಪಕ್ಕದಲ್ಲಿ ಯಾರೋ ಇರ್ತಾರೆ. ಹೋದ್ ಸಲ ಬರೀ ಅತ್ಲು. ನಾನು ಅಲ್ಲಿಗೆ ಹೋಗಿ ಹುಡುಕ್ತೀನಿ."

ಬಾಗಿಲ ಬಡಿತ ಜೋರಾಗುತ್ತದೆ. ಅಕ್ಕ ಮಾಪನ್ನು ಗೋಡೆಗೆ ಒರಗಿಸಿ, ಮೊದಲ ಬಾರಿಗೆ ಹುಡುಗಿಯ ಮುಖ ನೋಡುತ್ತಾರೆ.

"ನಾನೂ ಎರಡೂವರೆ ವರ್ಷ ಅಂಥಾ ಮನೇಲಿದ್ದೆ. ಪಕ್ಕದ ಮನೇಲಿ ಯಾರಿದ್ರು ಅಂತ ನಂಗೆ ಗೊತ್ತಾಗ್ಲಿಲ್ಲ. ನೀನು ಹೋಗಿ ಇನ್ನೊಂದು ಮನೇಲಿ ಬೀಗದೊಳಗೆ ಕೂತ್ರೆ ಅವಳನ್ನ ಹುಡುಕೋರು ಯಾರು? ಅವಳನ್ನ ಕರ್ಕೊಂಡು ಹೋದೋನು ಇವ್ನೇ ಅಂತ ಗೊತ್ತಿರೋಳು ಇಲ್ಲಿ ನೀನೊಬ್ಳೇ. ಇಲ್ಲಿ ನಿಂತು ಬಾಯಿ ಬಿಡು."

ಹುಡುಗಿ ಅಕ್ಕನ ಮಣಿಕಟ್ಟು ಬಿಟ್ಟಳು. ಅಕ್ಕ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಮೇಡಂ, ಬೇಗ ಬನ್ನಿ."

ಮಹಿಳಾ ಅಧಿಕಾರಿ ಇಬ್ಬರು ಪೊಲೀಸರೊಂದಿಗೆ ಬಂದಾಗ ಆ ಮನುಷ್ಯ ಲಿಫ್ಟಿನತ್ತ ಓಡಿದ. ಲಿಫ್ಟ್ ಕೆಳಗಿಳಿದು ಬಾಗಿಲು ತೆರೆಯುವಷ್ಟರಲ್ಲಿ ಪೊಲೀಸರು ಅಲ್ಲಿ ನಿಂತಿದ್ದರು. ಅವನ ಕೋಟಿನಲ್ಲಿ ನಾಲ್ಕೂ ಪಾಸ್‌ಪೋರ್ಟ್ ಸಿಕ್ಕವು. ಹುಡುಗಿಯರಲ್ಲಿ ಇಬ್ಬರು ಅತ್ತರು. ಮೂರನೆಯವಳು ಅಕ್ಕನ ಮೇಲೆಯೇ ಹರಿಹಾಯ್ದಳು: "ನಮ್ಮ ಹೊಟ್ಟೆ ಮೇಲೆ ಹೊಡೆದ್ರಲ್ಲ!" ಅಕ್ಕ ಅವಳಿಗೆ ನೀರಿನ ಬಾಟಲಿ ಕೊಟ್ಟು, ನನ್ನತ್ತ ತಿರುಗಿ ಹೇಳಿದರು: "ಬೈಲಿ ಬಿಡಿ. ನಂಗೆ ಯಾರಾದ್ರೂ ಹೀಗೆ ತಡೆದಿದ್ರೆ ನಾನೂ ಬೈತಿದ್ದೆ."

ಈ ನಿಲ್ದಾಣದಲ್ಲಿ ಈವರೆಗೆ ತಡೆದು ನಿಲ್ಲಿಸಿದವರಲ್ಲಿ ನಲವತ್ತೊಂದು ಜನ ಅಕ್ಕನ ಫೋನಿನಿಂದಲೇ ಉಳಿದವರು ಎನ್ನುತ್ತಾರೆ ಆ ಅಧಿಕಾರಿ. ಅಕ್ಕ ಲೆಕ್ಕ ಇಟ್ಟಿಲ್ಲ. ಎಲ್ಲರನ್ನೂ ಅವರು ತಡೆಯುವುದೂ ಇಲ್ಲ. ಕಾಗದಪತ್ರ ಸರಿಯಿದ್ದು, ಪಾಸ್‌ಪೋರ್ಟ್ ಕೈಯಲ್ಲಿದ್ದವರಿಗೆ ಸಹಾಯವಾಣಿಯ ನಂಬರನ್ನು ಮೂರು ಸಲ ಬಾಯಲ್ಲಿ ಹೇಳಿಸಿ ಕಳಿಸುತ್ತಾರೆ. "ಚೀಟಿ ಕಿತ್ಕೋತಾರೆ, ಫೋನ್ ಕಿತ್ಕೋತಾರೆ. ಬಾಯಿಪಾಠ ಕಿತ್ಕೊಳ್ಳೋಕಾಗಲ್ಲ."

ಆ ಹದಿನೇಳರ ಹುಡುಗಿಯ ದೂರಿನ ಜಾಡು ಹಿಡಿದು ಏಳು ವಾರಗಳ ನಂತರ ರಾಯಭಾರ ಕಚೇರಿಯವರು ಅವಳ ಅಕ್ಕನನ್ನು ಪತ್ತೆ ಹಚ್ಚಿದರು. ಕಳೆದ ವಾರ ಆಕೆ ಮರಳಿದಳು. ಒಂದು ಕಿವಿ ಕೇಳಿಸುವುದಿಲ್ಲ, ತೂಕ ಅರ್ಧವಾಗಿದೆ, ಆದರೆ ಜೀವಂತವಾಗಿದ್ದಾಳೆ. ತಂಗಿ ಅವಳನ್ನು ತಬ್ಬಿಕೊಂಡಿದ್ದು ಕೆಳಗಿನ ಆಗಮನ ದ್ವಾರದಲ್ಲಿ. ಫಿನಾಯಿಲ್ ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ಮೇಲಿನ ಮಹಡಿಯಲ್ಲಿ ಅವರ ಪಾಳಿ ನಡೆಯುತ್ತಿತ್ತು.

ಬೇಸರವಾಗಲಿಲ್ಲವೇ ಎಂದು ಕೇಳುತ್ತೇನೆ. ಅವರು ಹಾಳೆಗೆ ಸಹಿ ಹಾಕಿ, ಪೆನ್ನಿಗೆ ಮುಚ್ಚಳ ಹಾಕುತ್ತಾರೆ.

"ಅದಕ್ಕೆಲ್ಲ ಬೇಸರ ಇಲ್ಲ. ಒಂದೇ ಆಸೆ. ಮಧ್ಯಾಹ್ನದ ಪಾಳಿಗೆ ಬರೋ ಹುಡುಗಿಗೂ ಈ ಕೆಲಸ ಕಲಿಸೋಕೆ ಬಿಡಿ ಅಂತ ಸಾಹೇಬ್ರನ್ನ ಕೇಳ್ತಾ ಇದೀನಿ. ನಾನು ಮನೆಗೆ ಹೋದ್ಮೇಲೂ ವಿಮಾನ ಹಾರ್ತಾನೇ ಇರ್ತಾವಲ್ಲಮ್ಮ."