ಕೋಲಿಗೊಂದು ಚಹಾ

ತನ್ನ ಕೊನೆಯ ದಿನಗಳಲ್ಲಿ, ಗೆಳತಿ ಅಖ್ತರಬೇಗಂ ಗಂಜಿ ಕುಡಿಸಲು ಹೋದರೆ ಸುಭದ್ರಾಬಾಯಿ ಮೊದಲು ಬಟ್ಟಲು ಮುಟ್ಟಿ ನೋಡುತ್ತಿದ್ದಳು. ಬಿಸಿ ಇದ್ದರೆ ಬಾಯಿ ತೆರೆಯುತ್ತಿದ್ದಳು. ಆರಿದ್ದರೆ ಮುಖ ತಿರುವುತ್ತಿದ್ದಳು. ಅವಳನ್ನು ಮಣ್ಣಿಗಿಟ್ಟು ಬಂದ ದಿನ ಆಳಂದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಹಣಮಂತರಾಯನ ಹೋಟೆಲಿನಲ್ಲಿ ಮುಂದಿನ ಮೇಜು ಸಂಜೆಯವರೆಗೂ ಖಾಲಿ ಇತ್ತು. ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಬಂದವರು ತಾವಾಗಿಯೇ ಅದನ್ನು ದಾಟಿ ಹಿಂದಕ್ಕೆ ಹೋದರು.

ಅವಳು ಯಾವ ಚುನಾವಣೆಗೂ ನಿಂತವಳಲ್ಲ, ಯಾವ ಶಾಲೆಯನ್ನೂ ಕಟ್ಟಿಸಿದವಳಲ್ಲ. ರೊಟ್ಟಿ ಬಡಿದು ಬದುಕಿದ ಹೆಣ್ಣುಮಗಳು. ತೀರಿಕೊಂಡವರ ಬಗ್ಗೆ ದೊಡ್ಡ ಮಾತಾಡುವುದು ಸುಲಭ. ಅವಳ ಬಗ್ಗೆ ಹೇಳಲು ಈ ಒಂದು ಸಣ್ಣ ಸಂಗತಿ ಸಾಕು, ಯಾಕೆಂದರೆ ಇದು ಅವಳು ಗೆದ್ದದ್ದು.

ಕರಜಗಿಯಲ್ಲಿ ಹುಟ್ಟಿ, ಆಳಂದಕ್ಕೆ ಸೊಸೆಯಾಗಿ ಬಂದು, ಬೇಗ ಗಂಡನನ್ನು ಕಳೆದುಕೊಂಡವಳು. ಬಜಾರಿನ ಖಾನಾವಳಿಗೆ ದಿನವೂ ಬುಟ್ಟಿ ತುಂಬ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಸಣ್ಣವಳಿದ್ದಾಗ ಅಣ್ಣತಮ್ಮಂದಿರು ಉಂಡೆದ್ದ ಮೇಲೆ ಉಂಡಳು. ಸೊಸೆಯಾದ ಮೇಲೆ ಅತ್ತೆ ಮಾವ ಉಂಡ ನಂತರ. ವಿಧವೆಯಾದ ಮೇಲೆ ಬುಟ್ಟಿ ಹೋದ ನಂತರ. ಬಿಸಿ ಅನ್ನವನ್ನು ಅವಳು ಒಲೆಯಿಂದ ಇಳಿಸಿದ್ದಳು, ಬಡಿಸಿದ್ದಳು. ಅದರ ರುಚಿ ಮಾತ್ರ ಬೇರೆಯವರು ಹೇಳಿ ಗೊತ್ತು.

ಎಂಬತ್ತರ ದಶಕದ ನಡುವೆ ಒಂದು ದಿನ ಗೋಡೆಯಾಚೆಗೆ ಹೊಲಿಗೆ ಮಷೀನು ತುಳಿಯುತ್ತಿದ್ದ ಗೆಳತಿ ಅಖ್ತರಬೇಗಂಳನ್ನು ಕೂಗಿದಳು.

"ಅಖ್ತರ, ನನಗೊಂದು ಆಸಿ ಆಗ್ಯಾದ."

"ಏನ್ ಬೇ, ಸೀರಿನೋ ಬಳಿನೋ?"

"ಅದೇನೂ ಅಲ್ಲ. ಯಾರರ ಮಾಡಬೇಕು, ಯಾರರ ತಂದು ಮುಂದ ಇಡಬೇಕು, ನಾ ಕುಂತು ಬಿಸಿಬಿಸಿದು ತಿನಬೇಕು. ಹಣಮಂತರಾಯನ ಹೋಟೆಲ್ ಮುಂದ ಹಾದು ಬರೋವಾಗ ದ್ವಾಸಿ ಹಂಚು ಚರ್ ಅಂತದ. ಆ ಚರ್ ಅನ್ನೋದು ಬಾಯಾಗ ಹೆಂಗಿರತದ ಅಂತ ನೋಡಬೇಕಾಗ್ಯಾದ."

ಅಖ್ತರಬೇಗಂ ಮಷೀನು ನಿಲ್ಲಿಸಿದಳು. "ನನ್ನ ಬಿಟ್ಟು ಹೋದಿ ಅಂದ್ರ ನಿನ್ನ ಕುಬಸ ಹರದು ಹಾಕ್ತೇನಿ ನೋಡ್!"

ಸಂತೆಯ ದಿನ ಇಬ್ಬರೂ ಹೋದರು. ಹಣಮಂತರಾಯ ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದ.

"ಯಾರ ಜೋಡಿ ಬಂದೀರಿ?"

"ನಾವಿಬ್ಬರೇ ಬಂದೇವ್ರಿ."

"ಹಂಗಾದ್ರ ಆಗಂಗಿಲ್ಲ ತಂಗಿ. ಒಳಗ ಫ್ಯಾಮಿಲಿ ರೂಮಿನ್ಯಾಗ ಕುಂಡರಬೇಕಂದ್ರ ನಿಮ್ಮ ಜೋಡಿ ಗಂಡಸರು ಇರಬೇಕು. ಹೊರಗ ನೀವು ಕುಂತ್ರಿ ಅಂದ್ರ ನನ್ನ ಗಿರಾಕಿ ಎದ್ದು ಹೋಗ್ತಾರ. ಕಟ್ಟಿ ಕೊಡ್ತೇನಿ, ಮನಿಗಿ ಒಯ್ರಿ."

ಅವನು ಕೆಟ್ಟವನಲ್ಲ. ಎಲ್ಲ ಹೋಟೆಲಿನವರೂ ಹೇಳುತ್ತಿದ್ದುದನ್ನೇ ಹೇಳಿದ. ಕಟ್ಟಿಸಿಕೊಂಡು ಮನೆಗೆ ಬಂದು ಬಿಚ್ಚಿದರೆ ದೋಸೆ ಕಾಗದಕ್ಕೆ ಅಂಟಿ ಮುದ್ದೆಯಾಗಿತ್ತು. "ಮತ್ತ ಆರಿದ್ದೇ ಬಂತಲ್ಲೇ ನನ್ನ ಪಾಲಿಗಿ," ಎಂದು ಸುಭದ್ರಾಬಾಯಿ ಅದನ್ನೇ ತಿಂದಳು.

ಓಣಿಯ ಕಟ್ಟೆಯ ಮೇಲೆ ಕೂತಿದ್ದ ಖಾದರಸಾಬನಿಗೆ ಈ ಸುದ್ದಿ ಮುಟ್ಟಿತು. ಹಿಂದೆ ಟಾಂಗಾ ಹೊಡೆಯುತ್ತಿದ್ದ ಮುದುಕ. ಊರಿಗೆ ಆಟೋ ಬಂದ ಮೇಲೆ ಕುದುರೆ ಮಾರಿ, ಹಿತ್ತಾಳೆ ತಲೆಯ ಕೋಲೊಂದನ್ನು ಹಿಡಿದು ಕಟ್ಟೆ ಸೇರಿದ್ದ. ಇಡೀ ಓಣಿಗೆ ಅವನು ಕಾಕಾ.

"ಗಂಡಸು ಬೇಕಂದನೇನ ಆ ಹಣಮಂತರಾಯ? ಮತ್ತ ನಾ ಯಾರದೇನಿ? ನಡೀರಿ ಬೇಟಿ!"

ಮುಂದಿನ ಸಂತೆಗೆ ಮೂವರೂ ಹೋಟೆಲಿನ ಮೆಟ್ಟಿಲು ಹತ್ತಿದರು. ಹಣಮಂತರಾಯ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ.

"ಇವರು ನಿಮಗೇನಾಗಬೇಕು?"

"ಕಾಕಾ ಆಗಬೇಕ್ರಿ," ಇಬ್ಬರೂ ಒಟ್ಟಿಗೇ ಅಂದರು.

ಒಬ್ಬಳ ಹಣೆಯ ಮೇಲೆ ವಿಭೂತಿ, ಇನ್ನೊಬ್ಬಳ ಮೈಮೇಲೆ ಬುರ್ಖಾ. ಇಬ್ಬರಿಗೂ ಒಬ್ಬನೇ ಕಾಕಾ. ಹಣಮಂತರಾಯ ಒಳಗಿನ ಕೋಣೆಯ ಕಡೆ ಕೈ ತೋರಿಸಿದ. ಗಂಡಸು ಇರಬೇಕು ಎಂದಷ್ಟೇ ಅವನ ಕಾಯಿದೆ. ಯಾರ ಗಂಡಸು ಎಂದು ಅದರಲ್ಲಿ ಇರಲಿಲ್ಲ.

ಹಸಿರು ಪರದೆಯ ಹಿಂದೆ ಕಿಟಕಿಯಿಲ್ಲದ ಕೋಣೆ. ಆ ಪರದೆ ಈಗಿಲ್ಲ, ಮೇಜು ಒರೆಸುವ ಅರಿವೆಯಾಗಿ ಎಂದೋ ಹರಿದುಹೋಯಿತು. ಅವತ್ತು ಅದರ ಹಿಂದೆ ಕೂತು ಮೂವರೂ ಕಾದರು. ದೋಸೆಯ ಹಂಚು ಹೋಟೆಲಿನ ಮುಂಬಾಗಿಲಲ್ಲಿ, ರಸ್ತೆಯ ಕಡೆಗೆ. ಹಂಚಿನಿಂದ ಎದ್ದದ್ದು ಮೊದಲು ಮುಂದಿನ ಮೇಜಿಗೆ, ಆಮೇಲೆ ನಡುವಿನವರಿಗೆ, ಎಲ್ಲರದೂ ಆದ ಮೇಲೆ ಪರದೆಯ ಹಿಂದಕ್ಕೆ. ತಟ್ಟೆ ಬಂದಾಗ ಸುಭದ್ರಾಬಾಯಿ ದೋಸೆಯ ಮೇಲೆ ಬೆರಳಿಟ್ಟು ನೋಡಿದಳು.

"ಬೆಚ್ಚಗದ," ಅಂದಳು. "ಬಿಸಿ ಇಲ್ಲ. ಇಲ್ಲೂ ನಮ್ಮ ಮನಿ ರೀತಿನೇ ಅದ."

ಆದರೂ ಬಿಡಲಿಲ್ಲ. ಪ್ರತಿ ಸಂತೆಗೂ ಹೋದರು. ಓಣಿಯ ಉಳಿದ ಹೆಂಗಸರೂ ತಮ್ಮ ಜೊತೆ ಬರಲು ಕಾಕಾನನ್ನು ಕೇಳತೊಡಗಿದರು. ಸುಭದ್ರಾಬಾಯಿಯ ನಾದಿನಿ ನಿಂಬೆವ್ವ, "ಹೋಟೆಲ್‌ದಾಗ ತಿಂಬಾಕಿಗಿ ಮನ್ಯಾಗ ಒಲಿ ಹತ್ತಂಗಿಲ್ಲೇನ?" ಎಂದು ಬಾಯಿ ಮಾಡಿದವಳು, ಒಂದು ಮಧ್ಯಾಹ್ನ ತಾನೂ ಕಾಕಾನ ಹಿಂದೆ ಹೊರಟಳು. ಸಂತೆಯ ದಿನ ಖಾದರಸಾಬ ಒಬ್ಬರನ್ನು ಬಿಟ್ಟು ಬಂದು ಇನ್ನೊಬ್ಬರನ್ನು ಕರೆದೊಯ್ಯುವುದೇ ಆಯಿತು. ಹೋದಾಗಲೆಲ್ಲ ಅವನಿಗೂ ದೋಸೆ, ಶಿರಾ, ಮಿರ್ಚಿ.

"ನನ್ನ ಕುದುರಿನೂ ಇಷ್ಟು ಟ್ರಿಪ್ ಹೊಡದಿಲ್ಲ ಬೇಟಿ," ಅಂದ. ಆ ವಾರವೇ ಹೊಟ್ಟೆ ಕೆಟ್ಟು ಮಲಗಿದ.

ಸುಭದ್ರಾಬಾಯಿ ಗಂಜಿ ತೆಗೆದುಕೊಂಡು ಹೋದಾಗ ಮೂಲೆಯಲ್ಲಿದ್ದ ಕೋಲನ್ನು ತೋರಿಸಿದ. "ನನ್ನ ಕೈಲಾಗಂಗಿಲ್ಲ. ಇದನ್ನ ಒಯ್ರಿ. ಇದಕ್ಕ ಹೊಟ್ಟಿ ಇಲ್ಲ, ಕೆಡಂಗಿಲ್ಲ."

ತಮಾಷೆಗೆ ಹೇಳಿದ್ದ. ಅವಳು ನಿಜವಾಗಿಯೂ ಒಯ್ದಳು. ಹಣಮಂತರಾಯ ಗಿರಾಕಿಗಳ ಗದ್ದಲದಲ್ಲಿದ್ದಾಗ ಇಬ್ಬರೂ ಒಳಗೆ ಹೋಗಿ, ಹಿತ್ತಾಳೆ ತಲೆ ಹೊರಗೆ ಕಾಣುವ ಹಾಗೆ ಪರದೆಯ ಪಕ್ಕ ಕೋಲು ಆನಿಸಿ ಕೂತರು.

"ಕಾಕಾ ಎಲ್ಲಿ?" ಹೊರಗಿನಿಂದ ಹಣಮಂತರಾಯ ಕೇಳಿದ.

"ಕೋಲು ಇಲ್ಲೇ ಅದ ನೋಡ್ರಿ. ಕೋಲು ಬಿಟ್ಟು ಕಾಕಾ ಎಲ್ಲಿಗಿ ಹೋಗ್ತಾರ?" ಅಖ್ತರಬೇಗಂ ಒಳಗಿನಿಂದ ಅಂದಳು.

ಸ್ವಲ್ಪ ಹೊತ್ತಿಗೆ ಎರಡು ದೋಸೆ ಬಂದವು, ಮೂರು ಚಹಾ ಬಂದವು. ಮೂರನೆಯದನ್ನು ತಂದವನು ಖಾಲಿ ಕುರ್ಚಿಯ ಮುಂದೆ ಮರ್ಯಾದೆಯಿಂದ ಇಟ್ಟು ಹೋದ. ಒಬ್ಬಳು ಸೆರಗು, ಇನ್ನೊಬ್ಬಳು ನಖಾಬು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಗು ನಿಂತಾಗ ಸುಭದ್ರಾಬಾಯಿ ಆ ಚಹಾವನ್ನೇ ನೋಡುತ್ತ ಕೂತಿದ್ದಳು.

"ಅಖ್ತರ."

"ಏನ?"

"ಒಂದು ಕಟ್ಟಿಗಿ ಕೋಲು ಬಂದು ಕುಂತ್ರ ಚಹಾ ಕೊಡ್ತಾರ. ನಾವು ಬಂದು ನಿಂತ್ರ ಯಾರ ಜೋಡಿ ಬಂದೀರಿ ಅಂತಾರ. ನಾವು ಈ ಕಟ್ಟಿಗಿಗಿಂತ ಕಡಿಮಿ ಏನ್?"

ಚಹಾದ ಮೇಲೆ ಕೆನೆ ಕಟ್ಟಿತು.

ಮುಂದಿನ ಸಂತೆಯ ದಿನ ಸುಭದ್ರಾಬಾಯಿ ಕೋಲನ್ನು ಖಾದರಸಾಬನ ಕೈಗೆ ವಾಪಸು ಕೊಟ್ಟಳು. ಅವನು ಎದ್ದು ಕೂರುವಷ್ಟು ಗುಣವಾಗಿದ್ದ.

"ಯಾಕ ಬೇಟಿ? ಇವತ್ತ ಹೋಗಂಗಿಲ್ಲೇನ?"

"ಹೋಗ್ತೇವ್ರಿ ಕಾಕಾ. ಮುಂದಿನ ಮೇಜಿಗಿ."

"ಯಾ ಅಲ್ಲಾ! ಹೊಡದಾಡಾಕ ಹೊಂಟೀರೇನ?"

"ಹೊಡದಾಡಾಕ ಆಗಿದ್ರ ಕೋಲು ಒಯ್ತಿದ್ದೆ."

ಬಾಯಲ್ಲಿ ಹಾಗೆ ಅಂದಳು. ಹೋಟೆಲಿನ ಮೆಟ್ಟಿಲು ಹತ್ತುವಾಗ ಗೆಳತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಂಚಿನ ಮಗ್ಗುಲಿಗಿದ್ದ ಮೊದಲ ಮೇಜಿನಲ್ಲಿ, ರಸ್ತೆಗೆ ಮುಖ ಮಾಡಿ, ಅಖ್ತರಬೇಗಂಳನ್ನು ಪಕ್ಕಕ್ಕೆ ಎಳೆದುಕೊಂಡು ಕೂತುಬಿಟ್ಟಳು. ದೋಸೆ ಹಾಕುವ ಮಲ್ಲಣ್ಣನ ಸೌಟು ಗಾಳಿಯಲ್ಲೇ ಉಳಿಯಿತು. ಪಕ್ಕದ ಮೇಜಿನಲ್ಲಿ ಭೂಸನೂರಿನ ಕಬ್ಬಿನ ರೈತ ಗುರಣ್ಣ, ದೊಡ್ಡ ಮೀಸೆಯವನು, ಉಪ್ಪಿಟ್ಟು ತಿನ್ನುತ್ತಿದ್ದ.

ಹಣಮಂತರಾಯ ಗಲ್ಲೆ ಬಿಟ್ಟು ಎದ್ದು ಬಂದ.

"ಯಾರ ಜೋಡಿ ಬಂದೀರಿ?"

"ಹಸಿವಿ ಜೋಡಿ ಬಂದೇವ್ರಿ."

ಯಾರೋ ಕಿಸಕ್ಕೆಂದರು. ಅವನು ದನಿ ಇಳಿಸಿದ. "ತಂಗಿ, ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ. ಗಿರಾಕಿ ಎದ್ದು ಹೋಗ್ತಾರ."

"ಒಬ್ಬರು ಎದ್ದು ಹೋದ್ರೂ ನಾವೂ ಏಳತೇವ್ರಿ. ಮತ್ತ ಈ ಮೆಟ್ಟಲ ಹತ್ತಂಗಿಲ್ಲ. ಯಾರೂ ಏಳಲಿಲ್ಲ ಅಂದ್ರ, ಇನ್ನ ಮ್ಯಾಲ ಯಾರ ಜೋಡಿ ಬಂದೀರಿ ಅಂತ ನೀವು ಕೇಳಬಾರದು."

ಅಷ್ಟರಲ್ಲಿ ಗುರಣ್ಣ ಎದ್ದ.

ಕುರ್ಚಿ ಸರಿದ ಸಪ್ಪಳ ಸುಭದ್ರಾಬಾಯಿಯ ಎದೆಗೇ ಬಡಿಯಿತು. ಮುಗಿಯಿತು, ಅಂದುಕೊಂಡಳು. ಸೆರಗು ಸರಿಮಾಡಿಕೊಂಡು ಏಳಲು ಮೇಜಿಗೆ ಕೈಯೂರಿದಳು. ಗುರಣ್ಣ ನಾಲ್ಕು ಹೆಜ್ಜೆ ಹೋಗಿ ಹಂಚಿನ ಮುಂದೆ ನಿಂತ.

"ಏ ಮಲ್ಲಣ್ಣ, ಉಪ್ಪಿಟ್ಟಿನ ಜೋಡಿ ಮಿರ್ಚಿ ಕೊಡು ಅಂದಿದ್ನಲ್ಲೋ? ನಿದ್ದಿ ಹೊಡಿಯಾಕತ್ತೀ ಏನಲೇ?"

ಮಿರ್ಚಿಯನ್ನು ಕೈಯಲ್ಲೇ ಹಿಡಿದು ತಂದು, ತನ್ನ ಕುರ್ಚಿಯಲ್ಲೇ ಕೂತು ಕಚ್ಚಿದ. ಇಡೀ ಹೋಟೆಲು ತನ್ನನ್ನೇ ನೋಡುತ್ತಿರುವುದು ಆಗ ಕಂಡಿತು. "ಏನ್ರೋ ಹಂಗ ನೋಡಾಕತ್ತೀರಿ? ಮಿರ್ಚಿ ತಿಂಬೋರನ್ನ ಕಂಡಿಲ್ಲೇನ?"

ಮೊದಲು ನಕ್ಕವನು ಮಲ್ಲಣ್ಣ. ಆಮೇಲೆ ಹಿಂದಿನ ಮೇಜಿನವರು. ಕೊನೆಗೆ ಹಣಮಂತರಾಯನೂ ಹಣೆಯ ಬೆವರೊರೆಸಿಕೊಂಡು ನಕ್ಕ. ಯಾರೂ ಎದ್ದು ಹೋಗಲಿಲ್ಲ. ಅಷ್ಟು ವರ್ಷ ಅವನು ಹೆದರಿದ ಗಿರಾಕಿ ಆ ಹೋಟೆಲಿಗೆ ಬಂದೇ ಇರಲಿಲ್ಲ.

"ಮಲ್ಲಣ್ಣ, ಎರಡು ಮಸಾಲಿ ದ್ವಾಸಿ," ಎಂದು ಅವನೇ ಕೂಗಿ ಹೇಳಿದ.

ಹಂಚು ಚರ್ ಎಂದಿತು. ಹಂಚಿನಿಂದ ತಟ್ಟೆಗೆ, ತಟ್ಟೆಯಿಂದ ಮೇಜಿಗೆ ಒಂದು ತೋಳಿನ ದೂರ. ಸುಭದ್ರಾಬಾಯಿ ಮುರಿದ ಕಡೆಯಿಂದ ಹಬೆ ಎದ್ದು ಮುಖಕ್ಕೆ ಬಂತು. ಆರಲಿ ಎಂದು ಕಾಯಲಿಲ್ಲ, ಹಾಗೇ ಬಾಯಿಗಿಟ್ಟಳು.

"ಹೆಂಗದ?" ಅಖ್ತರಬೇಗಂ ನಖಾಬು ಎತ್ತಿ ಕೇಳಿದಳು.

ಸುಭದ್ರಾಬಾಯಿ ಕಣ್ಣರಳಿಸಿ, ಬಾಯಿಯ ಮುಂದೆ ಕೈ ಬೀಸಿಕೊಳ್ಳುತ್ತ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಅಂದಳು: "ಬಾಯಿ ಸುಟ್ಟಿತು ಬೇ!"

ಅವಳು ತಟ್ಟೆ ಖಾಲಿ ಮಾಡಿ ಇನ್ನೊಂದು ಹೇಳುವ ಹೊತ್ತಿಗೆ ಖಾದರಸಾಬ ಮೆಟ್ಟಿಲ ಬಳಿ ಬಂದು ನಿಂತಿದ್ದ. ಏನಾಯಿತೋ ಎಂಬ ಕಳವಳಕ್ಕೆ ಹಾಸಿಗೆಯಲ್ಲಿ ಇರಲಾರದೆ ಕೋಲೂರುತ್ತ ಬಂದಿದ್ದ. ಹಣಮಂತರಾಯ ಗಲ್ಲೆಯಿಂದಲೇ, ಹಳೆಯ ರೂಢಿಯಲ್ಲಿ, ಕೇಳಿದ.

"ಯಾರ ಜೋಡಿ ಬಂದೀರಿ ಕಾಕಾ?"

ಮುದುಕ ತಬ್ಬಿಬ್ಬಾದ. ಅವನನ್ನು ಯಾರೂ ಎಂದೂ ಹಾಗೆ ಕೇಳಿರಲಿಲ್ಲ.

"ನಮ್ಮ ಜೋಡಿ ಬಂದಾರ್ರಿ," ಸುಭದ್ರಾಬಾಯಿ ಮೇಜಿನಿಂದಲೇ ಕೂಗಿದಳು. "ಬರ್ರಿ ಕಾಕಾ, ಕುಂಡರ್ರಿ. ಏನ್ ತಿಂತೀರಿ?"

"ದ್ವಾಸಿ ಮಾತು ತೆಗೀಬ್ಯಾಡ ಬೇಟಿ, ನಿನ್ನ ಕೈ ಮುಗಿತೇನಿ. ಚಹಾ ಸಾಕು."

ಹಣಮಂತರಾಯ ತಾನೇ ಚಹಾ ತಂದಿಟ್ಟ. ಹಬೆಯಾಡುತ್ತಿತ್ತು. ಮೇಜಿಗೆ ಆನಿಸಿದ್ದ ಕೋಲನ್ನು ನೋಡಿ, ಸುಭದ್ರಾಬಾಯಿಯ ಮುಖ ನೋಡಿ, ತುಟಿಯಂಚಿನಲ್ಲಿ ನಕ್ಕ. ಅವನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೋ ಏನೋ.

"ಇದಕ್ಕೂ ಒಂದು ತರಲೇನ್ರಿ?"

"ಬ್ಯಾಡ್ರಿ," ಅಂದಳು ಸುಭದ್ರಾಬಾಯಿ, ಕೋಲನ್ನು ಎತ್ತಿ ಮೇಜಿನ ಕೆಳಗೆ ಮಲಗಿಸುತ್ತ. "ಅದರ ಕೆಲಸ ಮುಗೀತು."