ಹತ್ತಡಿ ಎತ್ತರದ ದೊಡ್ಡವ್ವ

ಮಂಡ್ಯದಲ್ಲಿ ಫ್ಲೆಕ್ಸ್ ಡಿಸೈನ್ ಮಾಡಿ ಹೊಟ್ಟೆ ಹೊರೆಯುವವಳಿಗೆ ಮನುಷ್ಯರ ಮುಖದ ಮೇಲೆ ಗೌರವ ಉಳಿಯುವುದು ಕಷ್ಟ. ನನಗಂತೂ ಉಳಿದಿಲ್ಲ. ಹನ್ನೊಂದು ವರ್ಷದಿಂದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮುಖಗಳನ್ನು ಕತ್ತರಿಸುತ್ತೇನೆ, ಅಂಟಿಸುತ್ತೇನೆ, ಬೆಳ್ಳಗೆ ಮಾಡುತ್ತೇನೆ. ಹುಟ್ಟುಹಬ್ಬದ ಬ್ಯಾನರಿನಲ್ಲಿ ಹುಟ್ಟಿದವನ ಮುಖ ಒಂದಾದರೆ ಶುಭ ಕೋರುವವರ ಮುಖ ನಲವತ್ತು. ಆ ನಲವತ್ತರಲ್ಲಿ ಯಾರ ತಲೆ ಯಾರ ತಲೆಗಿಂತ ಒಂದು ಬೆರಳು ದೊಡ್ಡದಿರಬೇಕು ಎಂಬ ಮಹಾಪ್ರಶ್ನೆಗೆ ಅಂಗಡಿಯೊಳಗೇ ಕೈ ಕೈ ಮಿಲಾಯಿಸಿದವರನ್ನು ಕಂಡಿದ್ದೇನೆ. ಹಿಂದೆ ಸಿಂಹ ಒಂದು ಇರಲೇಬೇಕು. ಬೀದಿನಾಯಿ ಗುರ್ ಎಂದರೆ ಅಂಗಡಿಯೊಳಕ್ಕೆ ಓಡಿ ಬರುವವನ ಬೆನ್ನ ಹಿಂದೆಯೂ ಸಿಂಹವೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮಕ್ಕಳ ಫೋಟೋ ತಂದವರು ಮಗುವನ್ನು ದಾಳಿಂಬೆ ಹಣ್ಣಿನೊಳಗೆ ಕೂರಿಸಿ ಅನ್ನುತ್ತಾರೆ. ಮದುವೆ ಆಲ್ಬಮ್ಮಿನಲ್ಲಿ ಗಂಡು ಅಂಗೈ ಚಾಚಿ ನಿಲ್ಲಬೇಕು, ಹೆಣ್ಣು ಬೆರಳುದ್ದವಾಗಿ ಅದರ ಮೇಲೆ ನಿಂತು ನಾಚಬೇಕು. ಮದುವೆಗೆ ಮುಂಚಿನ ಫೋಟೋಗೆಂದು ಯಾರದೋ ಭತ್ತದ ಗದ್ದೆಗೆ ಇಳಿದು, ಬಣ್ಣದ ಹೊಗೆ ಬಿಟ್ಟು, ಪೈರು ತುಳಿದು, ಕೆಸರಲ್ಲಿ ಜಾರಿ ಬಿದ್ದದ್ದನ್ನೂ ನಿಧಾನಗತಿಯ ವಿಡಿಯೋ ಮಾಡಿಸಿಕೊಂಡ ಜೋಡಿಗಳಿವೆ. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತ ನಾನು ಇವರಿಗೆಲ್ಲ ಸಿಂಹ, ದಾಳಿಂಬೆ, ಹೊಗೆ ಒದಗಿಸುತ್ತ, ಸಂಜೆ ಗುತ್ತಲು ಬಡಾವಣೆಯ ಬಾಡಿಗೆ ಮನೆಗೆ ಹೋಗಿ ಇವರನ್ನೆಲ್ಲ ಬೈಯುತ್ತ ಊಟ ಮಾಡುತ್ತಿದ್ದೆ. ಬೈದಷ್ಟೂ ನಾನು ಅವರಿಗಿಂತ ಎತ್ತರದಲ್ಲಿದ್ದೇನೆ ಅನ್ನಿಸುತ್ತಿತ್ತು. ನಿಜವಾದ ಮುಖವೆಂದರೇನೆಂದು ಒಮ್ಮೆ ಇವರಿಗೆ ತೋರಿಸಬೇಕು ಎಂಬ ಹಟ ಹುಟ್ಟಿದ್ದು ಹಾಗೆ.

ನಿಜವಾದ ಮುಖ ಎಂದಾಗ ನೆನಪಾದದ್ದು ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ನಮ್ಮೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಾಳೆ. ಇಪ್ಪತ್ತೆರಡಕ್ಕೇ ಗಂಡನನ್ನು ಕಳೆದುಕೊಂಡವಳು. ಕಬ್ಬು ಕಡಿಯುವಾಗ ಸೋಗೆ ತಾಗಿ ಎಡಗಣ್ಣು ಬೆಳ್ಳಗಾಗಿದೆ. ವಿಧವೆ, ಸಾಲದ್ದಕ್ಕೆ ಒಕ್ಕಣ್ಣು ಎಂದಮೇಲೆ ನಮ್ಮ ಜನಕ್ಕೆ ಕೇಳಬೇಕೇ? ಒಳ್ಳೆಯ ಕೆಲಸಕ್ಕೆ ಹೊರಟಾಗ ಎದುರಿಗೆ ಬರಬಾರದ ಮುಖ ಅದು.

ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವವರಲ್ಲ, ನಮ್ಮ ಮನೆಯವರು ಅಷ್ಟು ಮರ್ಯಾದಸ್ತರು. ಮದುವೆಯ ದಿಬ್ಬಣ ಹೊರಡುವ ಹೊತ್ತಿಗೆ ಸರಿಯಾಗಿ ಯಾರಾದರೂ ಹೋಗಿ, "ದೊಡ್ಡವ್ವ, ಇತ್ಲಲ್ಲಿ ಕರ ಬಿಚ್ಕಂಡೈತೆ, ವಸಿ ನೋಡು" ಅನ್ನುತ್ತಿದ್ದರು. ಪ್ರತಿ ಮದುವೆಯಲ್ಲೂ ಕರು ಬಿಚ್ಚಿಕೊಳ್ಳುತ್ತಿತ್ತು. ಮನೆಯ ದನಗಳನ್ನೆಲ್ಲ ಮಾರಿದ ಮೇಲೂ ಎರಡು ಮದುವೆಗಳಲ್ಲಿ ಬಿಚ್ಚಿಕೊಂಡಿತು. ದೊಡ್ಡವ್ವ ಹಿತ್ತಲಿಗೆ ಹೋಗಿ, ಇಲ್ಲದ ಕರುವನ್ನು ನೋಡಿಕೊಂಡು, ಬಸ್ಸಿನ ಸದ್ದು ದೂರವಾದ ಮೇಲೆ ಒಳಗೆ ಬರುತ್ತಿದ್ದಳು. ಚಿಕ್ಕವಳಿದ್ದಾಗ ಒಂದು ಸಲ ಆ ಮಾತನ್ನು ಹೇಳಿಬರಲು ನನ್ನನ್ನೇ ಕಳಿಸಿದ್ದರು, ನಾನೂ ಕುಣಿಯುತ್ತ ಹೋಗಿ ಹೇಳಿ ಬಂದಿದ್ದೆ. ಮನೆಮಂದಿಯೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ನಮ್ಮ ಮನೆಯ ಯಾವ ಆಲ್ಬಮ್ಮಿನಲ್ಲೂ ಅವಳಿಲ್ಲ. ಆಧಾರ್ ಕಾರ್ಡಿನ ಚಿತ್ರವನ್ನು ಫೋಟೋ ಎನ್ನುವುದಾದರೆ ಅದೊಂದಿತ್ತು.

ನಿನ್ನ ಫೋಟೋ ತೆಗೆಯುತ್ತೇನೆ ಎಂದಾಗ ಅವಳ ಮುಖ ಅರಳಿತು. "ನಂಗೂ ಒಂದ್ ಪಟ ಕೊಡ್ತೀಯಾ ಮಗ? ನಿಮ್ ದೊಡ್ಡಪ್ಪನ ಪಟದ ಪಕ್ದಲ್ಲಿ ಆಕಿಸ್ಬೇಕು. ಸತ್ ಮ್ಯಾಲೆ ಗ್ವಾಡೆ ಮ್ಯಾಲಾದ್ರೂ ಸಂದಾಗಿ ಕಾಣ್ಬೇಕಲ್ವಾ" ಎಂದಳು. ಕೊಡುತ್ತೇನೆ ಎಂದೆ. ಅವಳು ಕೇಳಿದ್ದು ಇಷ್ಟೇ. ನೋಡಲು ಚೆನ್ನಾಗಿರುವ ತನ್ನದೊಂದು ಚಿತ್ರ.

ಮಾರನೆಯ ಬೆಳಿಗ್ಗೆ ಟ್ರಂಕಿನೊಳಗಿನ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮುಖಕ್ಕೆ ಪೌಡರ್ ಬಳಿದುಕೊಂಡು ಜಗಲಿಯ ಮೇಲೆ ಕೂತಿದ್ದಳು. ಎಡಗಣ್ಣು ಕಾಣದ ಹಾಗೆ ಕತ್ತು ತಿರುಗಿಸಿಕೊಂಡು, "ಈ ಕಡೆಯಿಂದ ತಗಿ ಮಗ. ಆ ಕಣ್ಣು ಬ್ಯಾಡ" ಎಂದಳು.

ನನಗೆ ರೇಗಿತು. ಅಂಗಡಿಯಲ್ಲಿ ದಿನವೂ ನೋಡುವ ವೇಷವನ್ನೇ ಇವಳೂ ಹಾಕಿಕೊಂಡು ಕೂತರೆ ನನ್ನ ಕಲೆಯ ಗತಿ ಏನು? ಪೌಡರ್ ತೊಳೆದುಕೊಂಡು ಬಾ ಎಂದೆ. ಹೊಲದಲ್ಲಿ ಗೇಯುವಾಗ ಉಡುವ ಸೀರೆ ಉಡಿಸಿದೆ. ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದೆ, ಬಿಳಿಗಣ್ಣಿನ ಮೇಲೆ ಬೆಳಕು ನೇರ ಬೀಳುವಂತೆ. ಬಿಸಿಲಿಗೆ ಆ ಕಣ್ಣಿನಲ್ಲಿ ನೀರು ಬಂತು, ಅದೂ ಇರಲಿ ಎಂದುಕೊಂಡೆ. "ನೀನ್ ಓದ್ದೋಳು, ನಿಂಗ್ ಗೊತ್ತಿರ್ತದೆ ಬುಡು" ಎಂದು ನಾನು ಹೇಳಿದಂತೆ ಕೇಳಿದಳು. ಸಿಂಹದ ಮುಂದೆ ನಿಲ್ಲಿಸಿ ಅನ್ನುವ ಗಿರಾಕಿಯ ಮಾತನ್ನಾದರೂ ಕೇಳುವ ನಾನು ಅವಳ ಮಾತು ಕೇಳಲಿಲ್ಲ.

ಆ ಮುಖವನ್ನು ಹತ್ತಡಿ ಎತ್ತರ, ಎಂಟಡಿ ಅಗಲಕ್ಕೆ ನಮ್ಮ ಅಂಗಡಿಯ ಮೆಷಿನ್ನಿನಲ್ಲೇ ಫ್ಲೆಕ್ಸ್ ಮೇಲೆ ಹೊಡೆಸಿದೆ. ಹುಟ್ಟುಹಬ್ಬದವರು ಬಳಸುವ ಫ್ಲೆಕ್ಸ್ ಮೇಲೆಯೇ ಹುಟ್ಟುಹಬ್ಬದವರನ್ನು ಅಣಕಿಸುವ ಚಿತ್ರ. ಎಂಥ ಬುದ್ಧಿವಂತಿಕೆ! ಬೆಂಗಳೂರಿನ ಗ್ಯಾಲರಿಯೊಂದು ಅದನ್ನು ಪ್ರದರ್ಶನಕ್ಕೆ ತೆಗೆದುಕೊಂಡಿತು. ಅಲ್ಲಿನವರ ಸೊಬಗನ್ನು ಏನೆಂದು ಹೇಳಲಿ. ಒರಟು ಖಾದಿ ತೊಟ್ಟು, ನಯವಾದ ಮಾತಾಡುತ್ತ, ಕೈಯಲ್ಲಿ ಗಾಜಿನ ಲೋಟ ಹಿಡಿದು ದೊಡ್ಡವ್ವನ ಮುಂದೆ ತಲೆ ವಾಲಿಸಿ ನಿಲ್ಲುತ್ತಿದ್ದರು. ನಿಜವಾದ ದೊಡ್ಡವ್ವ ಅವರ ಮನೆ ಬಾಗಿಲಿಗೆ ಬಂದಿದ್ದರೆ ಹಿಂದಿನ ಗೇಟಿನಿಂದ ಬಾ ಅನ್ನುವ ಜನ. ಪ್ರದರ್ಶನ ಏರ್ಪಡಿಸಿದಾತ ಎದೆಯ ಮೇಲೆ ಕೈಯಿಟ್ಟುಕೊಂಡು, "ಆ ಕಣ್ಣಿದೆಯಲ್ಲ, ಅದೇ ಇಡೀ ಪ್ರದರ್ಶನ" ಎಂದ. ಅವನನ್ನು ಮನಸ್ಸಿನಲ್ಲೇ ಗೇಲಿ ಮಾಡಿಕೊಂಡೆ, ಅವನ ಮಾತನ್ನು ಮಾತ್ರ ಊರಿಗೆ ಬರುವ ತನಕ ಚಪ್ಪರಿಸಿದೆ.

ಗ್ಯಾಲರಿಯ ಗೋಡೆಯ ಮೇಲೆ ತೂಗುಬಿದ್ದ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡವ್ವನಿಗೆ ತೋರಿಸಿದೆ. ತುಂಬ ಹೊತ್ತು ನೋಡಿದಳು. "ಪೌಡ್ರು ಅಳಿಸ್ಬಾರ್ದಾಗಿತ್ತು" ಎಂದು ಮೊಬೈಲ್ ವಾಪಸು ಕೊಟ್ಟಳು. ಕೊಡುತ್ತೇನೆ ಎಂದಿದ್ದ ಸಣ್ಣ ಪಟದ ಮಾತನ್ನು ಅವಳು ಎತ್ತಲಿಲ್ಲ, ನನಗೂ ನೆನಪಾಗಲಿಲ್ಲ. ಪ್ರದರ್ಶನ ಮುಗಿದ ಮೇಲೆ ಬಂದ ಫ್ಲೆಕ್ಸ್ ಸುರುಳಿಗೆ ಗುತ್ತಲಿನ ಮನೆಯಲ್ಲಿ ಜಾಗವಿರಲಿಲ್ಲ. ಊರಿಗೆ ಒಯ್ದು ಚಿಕ್ಕಪ್ಪನ ಜಗಲಿಯ ಮೂಲೆಯಲ್ಲಿ ನಿಲ್ಲಿಸಿ ಬಂದೆ. ನಮ್ಮ ಕಡೆ ಸುಮ್ಮನೆ ಬಿದ್ದಿರುವ ಫ್ಲೆಕ್ಸ್ ಕಂಡರೆ ಯಾರೂ ಬಿಡುವುದಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು. ಹುಲ್ಲಿನ ಮೆದೆಗೆ ಹೊದಿಸುತ್ತಾರೆ, ಬಚ್ಚಲಿಗೆ ಮರೆ ಕಟ್ಟುತ್ತಾರೆ, ರಾಗಿ ಒಣಗಿಸುತ್ತಾರೆ. ಹೋದ ಚುನಾವಣೆಯ ನಾಯಕರು ಎಷ್ಟೋ ಜನ ಈಗ ಕೊಟ್ಟಿಗೆಯ ಸೂರಾಗಿ ಎಮ್ಮೆಗಳ ನೆತ್ತಿಯ ಮೇಲೆ ಕೈಮುಗಿಯುತ್ತಿದ್ದಾರೆ.

ಎರಡು ತಿಂಗಳ ನಂತರ ಮದ್ದೂರಿನಲ್ಲಿ ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದೆ. ಊರು ಹತ್ತಿರ ಬಂದಾಗ ಮುಂದಿನ ಸೀಟಿನಲ್ಲಿದ್ದ ಗಂಡಸು ಪಕ್ಕದವನ ತೊಡೆ ತಟ್ಟಿ, "ಅಲ್ನೋಡ್ಲಾ, ದೃಷ್ಟಿಗೆ ಎಂತಾ ಮುದ್ಕಿ ಕಟ್ಟವ್ನೆ! ನಂಗೇ ಎದೆ ಝಲ್ ಅಂತು ಕಣ್ಲಾ" ಎಂದು ನಕ್ಕ. ಕಿಟಕಿಯಾಚೆ ನೋಡಿದೆ. ಚಿಕ್ಕಪ್ಪನ ಟೊಮೇಟೊ ಹೊಲದ ನಡುವೆ, ಎರಡು ಬಿದಿರು ಗಳಗಳ ನಡುವೆ, ಹತ್ತಡಿ ಎತ್ತರದ ದೊಡ್ಡವ್ವ ರಸ್ತೆಯನ್ನೇ ನೋಡುತ್ತಿದ್ದಳು.

ನಮ್ಮ ಕಡೆ ಬೆಳೆಗೆ ಕಣ್ಣು ಬೀಳಬಾರದೆಂದು ಹೊಲದಲ್ಲಿ ಚಿತ್ರ ನಿಲ್ಲಿಸುವುದು ಹೊಸದಲ್ಲ. ಬೆದರುಬೊಂಬೆ ಹೋಗಿ ಸಿನಿಮಾ ನಟಿಯರ ಫ್ಲೆಕ್ಸ್ ಬಂದಿದೆ, ದಾರಿಹೋಕರ ಕಣ್ಣು ಬೆಳೆ ಬಿಟ್ಟು ಅವರ ಮೇಲೆ ಬೀಳಲಿ ಎಂದು. ಆದರೆ ಇದು ನಮ್ಮ ಮನೆಯ ಹೆಂಗಸು. ಬಸ್ಸಿಳಿದು ಹೊಲದ ಬದುವಿನ ಮೇಲೆ ಓಡಿದೆ. ಟೊಮೇಟೊ ಗಿಡಕ್ಕೆ ದಾರ ಕಟ್ಟುತ್ತಿದ್ದ ಚಿಕ್ಕಪ್ಪನನ್ನು ಬಾಯಿಗೆ ಬಂದಂತೆ ಬೈದೆ.

ಅವನು ದಾರವನ್ನೂ ಕೆಳಗಿಡಲಿಲ್ಲ. "ಮೊದ್ಲು ಸಿನಿಮಾ ಇರೋಯಿನ್ದು ಕಟ್ಟಿದ್ದೆ ಕಣವ್ವ. ಪಡ್ಡೆ ಐಕ್ಳು ಗಾಡಿ ನಿಲ್ಸಿ, ವಲಕ್ಕೇ ನುಗ್ಗಿ, ಪೋಟ ತೆಗಿಸ್ಕೊಂಡು ಗಿಡ ಎಲ್ಲಾ ತುಳ್ದಾಕಿದ್ರು. ಇದ್ನ ಕಟ್ದ ಮ್ಯಾಲೆ ಒಬ್ನೂ ನಿಂತ್ಕಳಾಕಿಲ್ಲ. ಫಸ್ಲು ನೋಡು, ಎಂಗದೆ!"

"ಅದು ದೊಡ್ಡವ್ವನ ಮುಖ ಚಿಕ್ಕಪ್ಪ. ನಿಂಗೆ ನಾಚ್ಕೆ ಆಗಲ್ವಾ?"

"ನಂಗ್ಯಾಕೆ? ಕಣ್ ತೋರ್ಸಿ ಅಷ್ಟ್ ದೊಡ್ದಾಗಿ ಮಾಡ್ದೋಳು ನೀನು. ಬೆಂಗ್ಳೂರಲ್ಲಿ ನೀನ್ ಕಟ್ಟುದ್ರೆ ಸರಿ, ವಲ್ದಲ್ಲಿ ನಾನ್ ಕಟ್ಟುದ್ರೆ ತಪ್ಪಾ?"

ಉತ್ತರ ಹೊಳೆಯದವರು ಮಾಡುವುದನ್ನೇ ಮಾಡಿದೆ, ಇನ್ನೂ ಗಟ್ಟಿಯಾಗಿ ಕೂಗಿ, ಅವನ ಪಕ್ಕದಲ್ಲಿದ್ದ ಕುಡುಗೋಲು ಎತ್ತಿಕೊಂಡು ಫ್ಲೆಕ್ಸ್ ಕಟ್ಟಿದ್ದ ಹಗ್ಗ ಕುಯ್ಯಲು ಹೊರಟೆ. ಹಿಂದಿನಿಂದ, "ಕುಯ್ಬ್ಯಾಡ ಬುಡು ಮಗ" ಎಂಬ ದನಿ ಬಂತು. ಚಿಕ್ಕಪ್ಪನಿಗೆ ಬುತ್ತಿ ಹೊತ್ತುಕೊಂಡು ದೊಡ್ಡವ್ವ ಬದುವಿನ ಮೇಲೆ ಬರುತ್ತಿದ್ದಳು. ಅವಳು ದಿನವೂ ಬುತ್ತಿ ತರುತ್ತಾಳೆ. ಅಂದರೆ ದಿನವೂ ತನ್ನದೇ ಮುಖದ ಬುಡದಲ್ಲಿ ನಡೆದು ಹೋಗಿದ್ದಾಳೆ. ನನಗೆ ಅಳು ಬಂತು.

ಅವಳು ಬುತ್ತಿ ಇಳಿಸಿ, ಸೆರಗಿನಿಂದ ಬೆವರೊರೆಸಿಕೊಂಡು, ಆ ಚಿತ್ರವನ್ನು ಕತ್ತೆತ್ತಿ ನೋಡಿದಳು. "ಮಳವಳ್ಳಿ ಛತ್ರಕ್ಕೆ ದಿಬ್ಬಣ ಎಲ್ಲಾ ಇದೇ ದಾರೀಲೇ ಓಗದು. ಇತ್ಲಿಗೆ ಕಳ್ಸದು ಎಂಗೆ ಇವ್ಳ್ನ? ನೋಡ್ಕೊಂಡೇ ಓಗ್ಲಿ" ಎಂದು ನಕ್ಕಳು. ಚಿಕ್ಕಪ್ಪ ತಲೆ ತಗ್ಗಿಸಿ ಬುತ್ತಿ ಬಿಚ್ಚತೊಡಗಿದ.

ನನ್ನ ಅಳು ನಿಂತಿತು. ನಿಂತದ್ದಷ್ಟೇ ಅಲ್ಲ, ರೋಮಾಂಚನವಾಯಿತು. ಬೆಂಗಳೂರಿನ ಗ್ಯಾಲರಿಯಲ್ಲಿ ಆಗದ್ದು ಟೊಮೇಟೊ ಹೊಲದಲ್ಲಿ ಆಗಿದೆ, ನನ್ನ ಚಿತ್ರ ಇಡೀ ಊರಿಗೇ ಮುಖಾಮುಖಿ ನಿಂತಿದೆ, ಇದನ್ನೇ ಫೋಟೋ ತೆಗೆದು ಮುಂದಿನ ಪ್ರದರ್ಶನಕ್ಕೆ ಇಡಬೇಕು, ಪಕ್ಕದಲ್ಲಿ ಏನು ಬರೆಯಬೇಕು ಎಂಬುದನ್ನೂ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ಊರವರನ್ನೆಲ್ಲ ಹಂಗಿಸುವವಳ ಬುದ್ಧಿ ಇದು. ಸಾಲದೆಂಬಂತೆ ಕೇಳಿಯೂ ಬಿಟ್ಟೆ. "ಹಂಗಾದ್ರೆ ನಾನು ತೆಗೆದಿದ್ದು ನಿಂಗೆ ಇಷ್ಟ ಆಯ್ತಾ ದೊಡ್ಡವ್ವ?"

ಅವಳು ನನ್ನ ಕೈಯಿಂದ ಕುಡುಗೋಲು ತೆಗೆದು ಕೆಳಗಿಟ್ಟಳು. "ಮನೆಗ್ ಬಾ" ಎಂದಳು.

ನಡುಮನೆಯ ಗೋಡೆಯ ಮೇಲೆ ದೊಡ್ಡಪ್ಪನ ಪಟದ ಪಕ್ಕ ಹೊಸದೊಂದು ಪಟ ತೂಗುತ್ತಿತ್ತು. ಮಳವಳ್ಳಿಯ ಯಾವುದೋ ಸ್ಟುಡಿಯೋಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ತೆಗೆಸಿಕೊಂಡು ಬಂದಿದ್ದಳು. ಹಿಂದೆ ಜಲಪಾತ, ಎರಡು ಜಿಂಕೆ. ಮೈಮೇಲೆ ಅವಳು ಎಂದೂ ಉಡದ ರೇಷ್ಮೆ ಸೀರೆ. ಮುಖ ಎರಡು ಪಟ್ಟು ಬೆಳ್ಳಗಾಗಿದೆ, ಸುಕ್ಕು ಮಾಯವಾಗಿದೆ. ಬಲಗಣ್ಣನ್ನು ಕತ್ತರಿಸಿ, ಮಗುಚಿ, ಎಡಗಣ್ಣಿನ ಜಾಗದಲ್ಲಿ ಅಂಟಿಸಿದ್ದಾರೆ. ನಾನೂ ವಾರಕ್ಕೊಮ್ಮೆ ಮಾಡುವ ಕೆಲಸ, ನೋಡಿದ ತಕ್ಷಣ ತಿಳಿಯಿತು. ಅಂಟಿಸಿದ ಕಣ್ಣು ಮೂಗಿನ ಕಡೆಗೆ ವಾಲಿದೆ, ಹೊಳಪು ತಪ್ಪು ದಿಕ್ಕಿನಿಂದ ಬಂದಿದೆ. ನನ್ನ ತುಟಿ ತಾನಾಗಿಯೇ ಕೊಂಕಿತು.

ದೊಡ್ಡವ್ವ ಪಟದ ಗಾಜನ್ನು ಸೆರಗಿನ ತುದಿಯಿಂದ ಒರೆಸಿದಳು. "ಎಲ್ಡು ಕಣ್ಣೂ ಬಂದದೆ, ನೋಡು. ಸ್ಟುಡಿಯೋದವನು ಎಂಗ್ ಬೇಕವ್ವ ಅಂತ ಕೇಳ್ದ. ನಾನ್ ಯೋಳ್ದೆ. ಅಂಗೇ ಮಾಡ್ಕೊಟ್ಟ."

"ಹೊಲದಲ್ಲಿರೋದು..." ಎಂದು ನಾನು ಬಾಯಿ ತೆರೆದೆ.

"ಅದು ಊರ್ನೋರ್ ನೋಡೋ ಮಕ ಕಣವ್ವ. ನೀನೂ ಅದ್ನೇ ನೋಡ್ದೆ. ಅದ್ಕೇ ಅಲ್ಲೇ ಇರ್ಲಿ ಅಂದೆ." ಪಟದ ಮೇಲೆ ಬೆರಳಿಟ್ಟಳು. "ನಾನು ಇವ್ಳು."